ಗುಲಾಮಗಿರಿಯ ನಿರ್ಮೂಲನೆ: ಸ್ಮರಣೆಯ ನೆಲೆಗಳು ಮತ್ತು ಕನ್ನಡ ನಾಡು

ಗುಲಾಮಗಿರಿಯ ನಿರ್ಮೂಲನೆಯನ್ನು ಒಂದು ನಗರವು ಹೇಗೆ ಸ್ಮರಿಸಬಹುದು ಎಂಬುದಕ್ಕೆ ಫ್ರಾನ್ಸಿನ ನಾಂಟ್ ಗಮನಾರ್ಹ ನಿದರ್ಶನ. ಹದಿನೆಂಟನೆಯ ಶತಮಾನದಲ್ಲಿ ಆ ದೇಶದ ಗುಲಾಮ ವ್ಯಾಪಾರದ ಪ್ರಮುಖ ಬಂದರಾಗಿದ್ದ ಈ ನಗರವು ಬಹುಕಾಲ ಆ ಚರಿತ್ರೆಯ ಬಗ್ಗೆ ಮೌನ ವಹಿಸಿತ್ತು. 1992ರಲ್ಲಿ ಅಲ್ಲಿನ ಕೋಟೆಯಲ್ಲಿ ಏರ್ಪಟ್ಟ ಪ್ರದರ್ಶನವು ಈ ಮೌನವನ್ನು ಮುರಿಯಿತು. 2012ರ ಮಾರ್ಚ್‌ನಲ್ಲಿ ಲ್ವಾರ್ ನದಿಯ ದಂಡೆಯ ಮೇಲೆ ಸ್ಮಾರಕವೊಂದು ತೆರೆಯಿತು. ಅಲ್ಲಿ ನೆಲಕ್ಕೆ ಹಾಸಿದ 2,000 ಗಾಜಿನ ಫಲಕಗಳ ಪೈಕಿ 1,710 ಫಲಕಗಳು ನಾಂಟ್‌ನಿಂದ ಹೊರಟ ಗುಲಾಮ ಹಡಗುಗಳ ಯಾನಗಳನ್ನು ದಾಖಲಿಸುತ್ತವೆ. ಬಿಡುಗಡೆ ನೀಡಿದವರ ಔದಾರ್ಯವನ್ನು ಹೊಗಳುವ ಬದಲು ತನ್ನ ಪಾಲನ್ನು ಒಪ್ಪಿಕೊಳ್ಳುವುದು ಈ ಸ್ಮಾರಕದ ವೈಶಿಷ್ಟ್ಯ. ಆದರೂ ಆ ಫಲಕಗಳಲ್ಲಿ ಇರುವುದು ಹಡಗುಗಳ ಹೆಸರು, ಅವುಗಳಲ್ಲಿ ಸಾಗಿಸಲ್ಪಟ್ಟವರದಲ್ಲ.

ಕನ್ನಡ ನಾಡಿನಲ್ಲಿ ಇಂಥ ಸ್ಮರಣೆಗೆ ಮೊದಲ ತೊಡಕು ದಿನಾಂಕದ್ದೇ. 1843ರ ಐದನೆಯ ಕಾಯಿದೆಯು ಕಂಪನಿಯ ಆಡಳಿತ ಪ್ರದೇಶದಲ್ಲಿ ಗುಲಾಮರ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಮಾನ್ಯತೆಯನ್ನು ರದ್ದುಗೊಳಿಸಿತೇ ಹೊರತು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಸಾರಲಿಲ್ಲ. 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯು ಗುಲಾಮರ ಕ್ರಯವಿಕ್ರಯವನ್ನು ಶಿಕ್ಷಾರ್ಹಗೊಳಿಸಿತು. ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದೂ ಇಲ್ಲಿ ಮುಖ್ಯ. ಯಳವತ್ತಿಯ ಸುತ್ತಲಿನ ಸೀಮೆಯನ್ನೇ ನೋಡಿದರೆ, ಗದಗು ಬ್ರಿಟಿಷರ ಧಾರವಾಡ ಜಿಲ್ಲೆಗೂ ಲಕ್ಷ್ಮೇಶ್ವರವು ಮೀರಜ್ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. ಹೀಗಾಗಿ ಇಡೀ ನಾಡು ಒಟ್ಟಾಗಿ ನೆನೆಯಬಹುದಾದ ಬಿಡುಗಡೆಯ ದಿನವೊಂದು ರೂಪುಗೊಳ್ಳಲಿಲ್ಲ.

ಎರಡನೆಯ ತೊಡಕು ಬಿಡುಗಡೆ ಹೊಂದಿದವರ ಅದೃಶ್ಯತೆ. ಗೋವೆಯ ಪೋರ್ಚುಗೀಸರು ಆಫ್ರಿಕದಿಂದ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗಗಳ ಸಿದ್ದಿಯರಲ್ಲಿ ಅನೇಕರು ಅವರ ವಂಶಜರು. ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳಲ್ಲಿ ಹರಡಿಕೊಂಡಿರುವ ಈ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಪೋರ್ಚುಗೀಸ್ ಸರಕಾರವು 1869ರಲ್ಲಿ ತನ್ನ ಅಧೀನ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಮೊದಲೇ, ಓಡಿಬಂದವರು ತಮ್ಮ ಬಿಡುಗಡೆಯನ್ನು ತಾವೇ ಪಡೆದುಕೊಂಡಿದ್ದರು. ಕಾಯಿದೆಯ ದಿನಾಂಕವನ್ನಷ್ಟೇ ಆಚರಿಸುವ ಸ್ಮರಣೆಯಲ್ಲಿ ಇವರಿಗೆ ಸ್ಥಾನವಿರುವುದಿಲ್ಲ.

ಮೂರನೆಯದಾಗಿ, ಇಲ್ಲಿನ ದಾಸ್ಯವು ಬಹುಮಟ್ಟಿಗೆ ಸಾಲ ಮತ್ತು ಜಾತಿಗಳ ರೂಪದಲ್ಲಿ ಉಳಿದುಬಂದಿತು. 1975ರ ಸುಗ್ರೀವಾಜ್ಞೆ ಹಾಗೂ 1976ರ ಫೆಬ್ರವರಿ 9ರ ಅಧಿನಿಯಮವು ಜೀತ ಪದ್ಧತಿಯನ್ನು ರದ್ದುಗೊಳಿಸಿ ಜೀತದ ಸಾಲವನ್ನು ಅಳಿಸಿಹಾಕಿದವು. ಶಿವರಾಮ ಕಾರಂತರ 'ಚೋಮನ ದುಡಿ'ಯು ಬಿ.ವಿ. ಕಾರಂತರ ನಿರ್ದೇಶನದಲ್ಲಿ ಚಲನಚಿತ್ರವಾದದ್ದೂ 1975ರಲ್ಲಿಯೇ. ಸಾಲ ತೀರಿಸಲು ಮಕ್ಕಳನ್ನು ತೋಟಕ್ಕೆ ಕಳುಹಿಸುವ ಚೋಮನ ಬದುಕನ್ನು ಕನ್ನಡ ಕಾದಂಬರಿಯು ಕಾಯಿದೆಗಿಂತ ದಶಕಗಳ ಮೊದಲೇ ದಾಖಲಿಸಿತ್ತು.

ನುಡಿಯೂ ಒಂದು ದಾಖಲೆಯೇ. 'ಜೀವಿತ'ದ ತದ್ಭವವಾದ 'ಜೀತ'ಕ್ಕೆ ಹಳಗನ್ನಡದಲ್ಲಿ ಜೀವನೋಪಾಯ, ಸಂಬಳ ಎಂಬ ಅರ್ಥಗಳಿದ್ದವು. ಮುಂದೆ ಅದೇ ಪದ ಬಂಧನದ ಹೆಸರಾಯಿತು. ದುಡಿಮೆಯ ಪ್ರತಿಫಲವೇ ದುಡಿಯುವವನ ಸಂಕೋಲೆಯಾದ ಚರಿತ್ರೆಯು ಈ ಅರ್ಥಪಲ್ಲಟದಲ್ಲಿ ಅಡಗಿದೆ. 'ತೊತ್ತು' ಪದವು ಇಂದಿಗೂ ಬೈಗುಳವಾಗಿ ಉಳಿದಿರುವುದು ಇನ್ನೊಂದು ಸಾಕ್ಷ್ಯ. ಬಸವಣ್ಣನವರಾದರೋ ತಮ್ಮನ್ನು ಚೆನ್ನಯ್ಯನ ಮನೆಯ ದಾಸ, ಕಕ್ಕಯ್ಯನ ಮನೆಯ ದಾಸಿಯರ ಸಂತತಿಯೆಂದು ಕರೆದುಕೊಂಡು ಆ ಹೀನಾರ್ಥವನ್ನೇ ತಲೆಕೆಳಗು ಮಾಡಿದರು.

ಒಟ್ಟಾರೆ, ಕನ್ನಡ ನಾಡಿನಲ್ಲಿ ದಾಸ್ಯ ವಿಮೋಚನೆಯ ಸ್ಮರಣೆಯು ಒಂದು ನಗರದ ಒಂದು ಸ್ಮಾರಕದಲ್ಲಿ ನೆಲೆಗೊಳ್ಳುವಂಥದ್ದಲ್ಲ. ಅದು ಸಿದ್ದಿ ಸಮುದಾಯದ ಮೌಖಿಕ ನೆನಪುಗಳಲ್ಲಿ, ಜೀತಮುಕ್ತರ ಕಥನಗಳಲ್ಲಿ, ಪದಗಳ ಅರ್ಥಚರಿತ್ರೆಯಲ್ಲಿ ಚದುರಿಕೊಂಡಿದೆ. ನಾಂಟ್‌ನ ಫಲಕಗಳು ಹೇಳಲಾಗದ ಮನುಷ್ಯರ ಹೆಸರುಗಳನ್ನು ಇಲ್ಲಿ ಇನ್ನೂ ಕೇಳಿ ಬರೆದುಕೊಳ್ಳಬಹುದಾಗಿದೆ. ಹೇಳುವವರು ಇರುವಾಗಲೇ ಈ ಕೆಲಸ ನಡೆಯಬೇಕು. ಕ್ಷೇತ್ರಕಾರ್ಯ ಮತ್ತು ಭಾಷಾಧ್ಯಯನ ಎರಡನ್ನೂ ಬಲ್ಲ ಕನ್ನಡ ವಿಭಾಗಗಳಿಗಿಂತ ಇದಕ್ಕೆ ಸಮರ್ಥವಾದ ನೆಲೆ ಮತ್ತೊಂದಿಲ್ಲ.