ಮುಖಪುಟವನ್ನು ಓದುವುದು ಹೇಗೆ?

ಪುಸ್ತಕಗಳ ಲೋಕಕ್ಕೆ ನೀವು ಈಗಷ್ಟೇ ಬರುತ್ತಿದ್ದೀರಿ ಎಂದುಕೊಳ್ಳೋಣ. ಮೈಸೂರಿನ ಕೆಸರೆಯಲ್ಲಿ ಬಸ್ಸು ಹತ್ತಿ, ನಗರ ಬಸ್ ನಿಲ್ದಾಣದಲ್ಲಿ ಇಳಿದು, ಕೆ.ಆರ್. ವೃತ್ತದ ಆಸುಪಾಸಿನ ಒಂದು ಪುಸ್ತಕದಂಗಡಿಗೆ ಕಾಲಿಟ್ಟಿದ್ದೀರಿ. ಯಾವ ಲೇಖಕರು ಎಂಥದ್ದನ್ನು ಬರೆಯುತ್ತಾರೆಂದು ನಿಮಗೆ ತಿಳಿಯದು. ಯಾವ ಪ್ರಕಾಶಕರನ್ನು ನಂಬಬಹುದೆಂದೂ ತಿಳಿಯದು. ಆದರೂ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕೈ ಒಂದು ಪುಸ್ತಕದ ಕಡೆಗೆ ಚಾಚುತ್ತದೆ. ಅಕ್ಕಪಕ್ಕದ್ದನ್ನೆಲ್ಲ ಬಿಟ್ಟು ಅದನ್ನೇ ಏಕೆ ಎತ್ತಿಕೊಂಡಿರಿ? ಇವತ್ತಿನ ಪಾಠ ಇಷ್ಟೇ. ಇದಕ್ಕೆ ಕುತೂಹಲವೊಂದಿದ್ದರೆ ಸಾಕು, ಬೇರೆ ಯಾವ ಸಿದ್ಧತೆಯೂ ಬೇಡ.

ಮೊದಲು ಪುಸ್ತಕದ ಹೊರಮೈಯನ್ನು ಪರಿಚಯ ಮಾಡಿಕೊಳ್ಳಿ. ಎದುರಿಗೆ ಕಾಣುವುದು ಮುಖಪುಟ. ಹಾಳೆಗಳನ್ನು ಹೊಲಿದು ಅಥವಾ ಅಂಟಿಸಿ ಕೂಡಿಸಿದ ಕಡೆ ಇರುವ ಕಿರಿದಾದ ಪಟ್ಟಿಗೆ ಬೆನ್ನು ಎನ್ನುತ್ತೇವೆ. ಹಿಂಬದಿಯ ರಟ್ಟಿನ ಮೇಲೆ ಪುಸ್ತಕದ ಬಗ್ಗೆ ಅಚ್ಚಾಗಿರುವ ನಾಲ್ಕು ಮಾತು ಬೆನ್ನುಡಿ. ಗಟ್ಟಿ ರಟ್ಟಿನ ಪುಸ್ತಕಗಳಿಗೆ ಮೇಲೊಂದು ಬಿಡಿ ಹೊದಿಕೆ ಇರುವುದುಂಟು, ಅದು ರಕ್ಷಾಪುಟ. ಕನ್ನಡದ ಹೆಚ್ಚಿನ ಕಥೆ, ಕಾದಂಬರಿಗಳು ಡೆಮಿ 1/8 ಎಂಬ ಅಳತೆಯಲ್ಲಿ ಬರುತ್ತವೆ. ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮುಖಪುಟದ ಕಲಾವಿದನಿಗೆ ಸಿಗುವ ಅಂಗಳ ಅಷ್ಟೇ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ನಿಂತಾಗಲೇ ಗಮನಿಸಿ. ಮುಖ ತೋರಿಸಿಕೊಂಡು ಮಲಗುವ ಭಾಗ್ಯ ಹೊಸದಾಗಿ ಬಂದ ಪುಸ್ತಕಗಳಿಗೆ ಮಾತ್ರ. ಉಳಿದವೆಲ್ಲ ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತಿರುತ್ತವೆ. ತೆಳ್ಳನೆಯ ಕವನ ಸಂಕಲನದ ಬೆನ್ನಿನ ಮೇಲೆ ಹೆಸರು ಬರೆಯಲೂ ಜಾಗವಿರುವುದಿಲ್ಲ. ಕವಿತೆಗಳು ಮಾರಾಟವಾಗುವುದಿಲ್ಲ ಎಂದು ಗೊಣಗುವವರು ಈ ಸಣ್ಣ ಕಾರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ.

ಈಗ ಕಣ್ಣಿನ ಕೆಲಸಕ್ಕೆ ಬರೋಣ. ದೂರದಿಂದ ನಿಮಗೆ ಕಾಣುವುದು ಬಣ್ಣ. ಎರಡು ಹೆಜ್ಜೆ ಹತ್ತಿರ ಹೋದರೆ ಅಕ್ಷರ. ಕೈಗೆತ್ತಿಕೊಂಡ ಮೇಲೆ ಚಿತ್ರದ ವಿವರ, ಬೆನ್ನುಡಿ, ಬೆಲೆ. ಒಂದೊಂದು ಹಂತದಲ್ಲೂ ನೀವು ಪುಸ್ತಕವನ್ನು ಕೈಬಿಡಬಹುದು ಅಥವಾ ಮುಂದಿನ ಹಂತಕ್ಕೆ ಹೋಗಬಹುದು.

ಬಣ್ಣ ಮಾಡುವ ಕೆಲಸ ನಿಮಗೆ ಹೊಸದಲ್ಲ. ಮನೆಗೆ ಬಂದ ಲಗ್ನಪತ್ರಿಕೆಯ ಮೂಲೆಯಲ್ಲಿ ಅರಿಶಿನ ಕುಂಕುಮ ಕಂಡರೆ ಸಾಕು, ಒಳಗಿನ ಒಂದಕ್ಷರ ಓದದೆಯೂ ಅದು ಶುಭಕಾರ್ಯದ ಕರೆಯೋಲೆ ಎಂದು ತಿಳಿಯುತ್ತದೆ. ಮುಖಪುಟದ ಬಣ್ಣವೂ ಹೀಗೆಯೇ ಪುಸ್ತಕದ ಜಾತಿಯನ್ನು ಹೇಳುತ್ತದೆ; ಗುಣವನ್ನಲ್ಲ. ಇದನ್ನು ಬಹಳ ಶಿಸ್ತಾಗಿ ಮಾಡಿ ತೋರಿಸಿದವರು ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದವರು. 1935ರಲ್ಲಿ ಅದರ ಸ್ಥಾಪಕ ಅಲೆನ್ ಲೇನ್ ಆರು ಪೆನ್ಸಿಗೊಂದು ಪುಸ್ತಕ ಮಾರಲು ಹೊರಟಾಗ ಮುಖಪುಟದಲ್ಲಿ ಚಿತ್ರವನ್ನೇ ಇಡಲಿಲ್ಲ. ಎಡ್ವರ್ಡ್ ಯಂಗ್ ರೂಪಿಸಿದ ಅಡ್ಡ ಪಟ್ಟಿಗಳಿದ್ದವು. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. ಓದುಗ ಲೇಖಕನನ್ನು ಅರಿಯದಿದ್ದರೂ ಬಣ್ಣವನ್ನು ನಂಬಿ ಕೊಳ್ಳಬಹುದಿತ್ತು. ನಮ್ಮಲ್ಲಿ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲಿಕೆಯ ಪುಟ್ಟ ಪುಸ್ತಕಗಳನ್ನು ನಿಮ್ಮ ಹಿರಿಯರು ಶಾಲೆಯಲ್ಲಿ ಓದಿರುತ್ತಾರೆ. ಒಂದೇ ಅಳತೆ, ಮುಖಪುಟದಲ್ಲಿ ಒಬ್ಬೊಬ್ಬ ಮಹನೀಯರ ಚಿತ್ರ. ಒಂದನ್ನು ಓದಿದ ಮಗು ಅದೇ ಆಕಾರದ ಇನ್ನೊಂದನ್ನು ಹುಡುಕುತ್ತಿತ್ತು. ಇದನ್ನು ಮಾಲಿಕೆಯ ವಿನ್ಯಾಸ ಎನ್ನುತ್ತಾರೆ. ಇಲ್ಲಿ ಪ್ರತಿ ಪುಸ್ತಕವೂ ತನ್ನ ಪಕ್ಕದ ಪುಸ್ತಕಕ್ಕೆ ಜಾಹೀರಾತು.

ಬಣ್ಣವನ್ನು ದಾಟಿದರೆ ಅಕ್ಷರ. ಕನ್ನಡದ ಮಟ್ಟಿಗೆ ನಿಜವಾದ ಪಾಠ ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ಅಕ್ಷರ ಒಂದು ಗೆರೆಯ ಮೇಲೆ ಸುಮ್ಮನೆ ಕೂರುವುದಿಲ್ಲ. ಮೇಲೆ ತಲಕಟ್ಟು, ಗುಡಿಸು, ಬಲಕ್ಕೆ ದೀರ್ಘ, ಕೊಂಬು, ಕೆಳಗೆ ಒತ್ತಕ್ಷರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎಂಬ ಹೆಸರನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ. ಮೊದಲ ಪದದ ಕೊನೆಯಲ್ಲಿ ಒಂದು ಲಕಾರದ ಒತ್ತು ಕೆಳಗಿಳಿಯುತ್ತದೆ. ಎರಡನೆಯ ಪದವನ್ನು ಅದರ ಕೆಳಗೆ ಒತ್ತಾಗಿ ಇಟ್ಟರೆ ಆ ಒತ್ತು ‘ಮದುಮಗಳು’ವಿನ ತಲೆಗೆ ತಾಗುತ್ತದೆ. ಬಿಡಿಬಿಡಿಯಾಗಿ ಇಟ್ಟರೆ ಎರಡು ಪದಗಳ ನಂಟು ಸಡಿಲವಾಗುತ್ತದೆ. ಈಗ ತೇಜಸ್ವಿಯವರ ‘ಕರ್ವಾಲೊ’ ಬರೆಯಿರಿ. ಇಲ್ಲಿ ಕೆಳಗೆ ಏನೂ ಇಳಿಯುವುದಿಲ್ಲ, ಆದರೆ ಅರ್ಕಾವತ್ತು ನಡುವೆ ಬಂದು ಪದವನ್ನು ಅಗಲ ಮಾಡುತ್ತದೆ. ಚಿಕ್ಕ ಹೆಸರಾದ್ದರಿಂದ ಅಕ್ಷರವನ್ನು ಎಷ್ಟು ಬೇಕಾದರೂ ದಪ್ಪ ಮಾಡಬಹುದು. ಒಂದೇ ಅಳತೆಯ ಪುಟದಲ್ಲಿ ಈ ಎರಡು ಹೆಸರುಗಳಿಗೆ ಎರಡು ಬೇರೆ ಬೇರೆ ಪರಿಹಾರ ಬೇಕಾಗುತ್ತದೆ. ಇಂಗ್ಲಿಷ್ ಮುಖಪುಟವನ್ನು ನೋಡಿ ಅದರಂತೆಯೇ ಕನ್ನಡ ಹೆಸರನ್ನು ಕೂರಿಸಿದಾಗ ಏನೋ ಇಕ್ಕಟ್ಟು ಎನಿಸುವುದು ಇದರಿಂದಲೇ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕಲಾವಿದರು ಹೆಸರನ್ನು ಕುಂಚದಿಂದಲೇ ಬರೆಯುತ್ತಿದ್ದರು. ಮೊಳೆ ಎಂದರೆ ಒಂದೊಂದು ಅಕ್ಷರಕ್ಕೆ ಒಂದೊಂದರಂತೆ ಎರಕ ಹೊಯ್ದ ಸೀಸದ ತುಂಡು. ಮುಖಪುಟಕ್ಕೆ ಬೇಕಾಗುವ ದೊಡ್ಡ ಅಳತೆಯ ಮೊಳೆಗಳು ಮುದ್ರಣಾಲಯಗಳಲ್ಲಿ ಕಡಿಮೆ. ಹಾಗಾಗಿ ಬರೆದ ಅಕ್ಷರವನ್ನೂ ಚಿತ್ರವನ್ನೂ ಸೇರಿಸಿ ಲೋಹದ ಬ್ಲಾಕ್ ಮಾಡಿಸುತ್ತಿದ್ದರು. ಪ್ರತಿ ಬಣ್ಣಕ್ಕೂ ಬೇರೆ ಬ್ಲಾಕ್, ಬೇರೆ ಸಲ ಯಂತ್ರಕ್ಕೆ ಏರಿಸಬೇಕು. ಖರ್ಚಿನ ಭಯಕ್ಕೆ ಎರಡೇ ಬಣ್ಣದಲ್ಲಿ ಮುಗಿಸುತ್ತಿದ್ದರು. ಹಳೆಯ ಪುಸ್ತಕದಂಗಡಿಯಲ್ಲಿ ಅಂಥ ಒಂದು ಪುಸ್ತಕ ಸಿಕ್ಕರೆ ಬಿಡಬೇಡಿ. ಕಪ್ಪು, ಕೆಂಪು ಎರಡೇ ಬಣ್ಣ, ಜೊತೆಗೆ ಕಾಗದದ ಬಿಳಿಯನ್ನೇ ಮೂರನೆಯ ಬಣ್ಣವಾಗಿ ಬಳಸಿದ ಜಾಣ್ಮೆ ಕಾಣುತ್ತದೆ. ಎಷ್ಟೋ ಕಡೆ ಕೆಂಪು ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿದಿರುತ್ತದೆ. ಎರಡನೆಯ ಸಲ ಯಂತ್ರಕ್ಕೆ ಏರಿಸಿದಾಗ ಹಾಳೆ ಸ್ವಲ್ಪ ಅಲುಗಿದ ಗುರುತು ಅದು.

ಆಮೇಲೆ ಆಫ್‌ಸೆಟ್ ಬಂತು, ನಾಲ್ಕು ಬಣ್ಣದ ಚುಕ್ಕಿಗಳಿಂದ ಎಲ್ಲ ಬಣ್ಣವನ್ನೂ ತೋರಿಸುವುದು ಸುಲಭವಾಯಿತು. ಗಣಕಯಂತ್ರ ಬಂದಾಗ ಬರಹ, ನುಡಿ, ಶ್ರೀಲಿಪಿ ಫಾಂಟುಗಳು ಬಂದವು. ಫಾಂಟ್ ಎಂದರೆ ಒಂದೇ ಶೈಲಿಯಲ್ಲಿ ರೂಪಿಸಿದ ಇಡೀ ಅಕ್ಷರಮಾಲೆ. ಅನುಕೂಲವೇನೋ ದೊಡ್ಡದೇ. ಆದರೆ ಸಂಶೋಧನಾ ಗ್ರಂಥಕ್ಕೂ ಪ್ರೇಮಕಥೆಗೂ ಅದೇ ನಾಲ್ಕಾರು ಅಕ್ಷರರೂಪ ಬಳಕೆಯಾದಾಗ ಓದುಗನಿಗೆ ಸಿಗಬೇಕಾದ ಸುಳಿವು ಅಳಿಸಿಹೋಯಿತು. ಇನ್ನೂ ಕೆಟ್ಟದ್ದು, ಜಾಗ ತುಂಬಿಸಲು ಅಕ್ಷರವನ್ನು ಅಡ್ಡಕ್ಕೆ ಎಳೆಯುವ ಚಾಳಿ. ಎಳೆದಾಗ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ, ಕನ್ನಡದ ದುಂಡು ಚಪ್ಪಟೆಯಾಗುತ್ತದೆ. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ಬಳಗದ ‘ಬಾಲೂ ತಮ್ಮ’ದಂಥ ಹೊಸ ಫಾಂಟುಗಳು ಈಗ ಉಚಿತವಾಗಿಯೇ ಸಿಗುತ್ತವೆ. ಆದ್ದರಿಂದ ಎಳೆದ ಅಕ್ಷರಕ್ಕೆ ಇನ್ನು ಯಾವ ನೆಪವೂ ಇಲ್ಲ.

ಮೂರನೆಯದು ಚಿತ್ರ. ಚಿತ್ರ ಕಥೆಯನ್ನು ಹೇಳಿಬಿಡಬಾರದು, ಕಥೆಯ ಬಾಗಿಲಿನವರೆಗೆ ಕರೆದುಕೊಂಡು ಹೋದರೆ ಸಾಕು. ಸಿನಿಮಾಕ್ಕೆ ಬರುವ ಮೊದಲು ಸತ್ಯಜಿತ್ ರಾಯ್ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್‌ಗೆ ಮುಖಪುಟ ಬರೆಯುತ್ತಿದ್ದರು. ಜಿಮ್ ಕಾರ್ಬೆಟ್‌ನ ಕುಮಾವೂನಿನ ನರಭಕ್ಷಕ ಹುಲಿಗಳ ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಹುಲಿಯನ್ನು ಬರೆಯಲಿಲ್ಲ. ಇಡೀ ರಟ್ಟನ್ನು ಹುಲಿಯ ಚರ್ಮವಾಗಿ ಮಾಡಿ, ಮುಂದೆ ಗುಂಡು ಹೊಕ್ಕ ತೂತು, ಹಿಂದೆ ಗುಂಡು ಹೊರಬಿದ್ದ, ಅದಕ್ಕಿಂತ ದೊಡ್ಡ ತೂತು ಬರೆದರು. ಪುಸ್ತಕವನ್ನು ತಿರುಗಿಸಿ ನೋಡಿದವನು ಮಾತ್ರ ಇದನ್ನು ಕಾಣುತ್ತಾನೆ. ತಿರುಗಿಸಿ ನೋಡಬೇಕಾದರೆ ಕೈಗೆತ್ತಿಕೊಳ್ಳಲೇಬೇಕು!

ನಮ್ಮ ಮೈಸೂರಿನದೇ ಉದಾಹರಣೆ ಬೇಕೆಂದರೆ ಆರ್.ಕೆ. ನಾರಾಯಣ್ ಇದ್ದಾರೆ. 1942ರಲ್ಲಿ ಅವರು ಇಲ್ಲಿ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಎಂಬ ಸ್ವಂತ ಪ್ರಕಾಶನ ಆರಂಭಿಸಿದರು. ಅದರ ಪುಸ್ತಕಗಳಿಗೆ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ನಾರಾಯಣ್ ಕಥೆಗಳ ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ. ಆದರೂ ಆ ಶಾಯಿಯ ಗೆರೆ ಕಂಡರೆ ಸಾಕು, ಇದು ಮಾಲ್ಗುಡಿಯದೇ ಎಂದು ಓದುಗ ಗುರುತಿಸುತ್ತಾನೆ. ಮುಂದೆ ಶಂಕರ್ ನಾಗ್ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಿದಾಗ ಶೀರ್ಷಿಕೆಗೆ ಬಳಸಿಕೊಂಡದ್ದೂ ಅದೇ ಗೆರೆಗಳನ್ನು.

ಹಾಗಾದರೆ ಎಲ್ಲವೂ ಮುಖಪುಟದ ಮಹಿಮೆಯೇ ಎಂದು ನೀವು ಕೇಳಬಹುದು. ಅಲ್ಲ. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಿಡುಗಡೆಗೆ ಮೊದಲೇ ಮಾರಾಟವಾಗಿ ಮುಗಿದಿತ್ತು. ಕಾದಿರಿಸಿದವರು ಮುಖಪುಟವನ್ನು ನೋಡಿ ದುಡ್ಡು ಕೊಟ್ಟವರಲ್ಲ, ಅವರಿಗೆ ಲೇಖಕರ ಹೆಸರೇ ಸಾಕಾಗಿತ್ತು. ಸಾರ್ವಜನಿಕ ಗ್ರಂಥಾಲಯದಲ್ಲಿ ಇನ್ನೊಂದು ಬಗೆ. ಸವೆದ ಪುಸ್ತಕದ ಮುಖಪುಟವನ್ನು ಕಿತ್ತು ಕ್ಯಾಲಿಕೊ ಬಟ್ಟೆಯ ಬೈಂಡು ಹಾಕಿಸುತ್ತಾರೆ. ಬೆನ್ನಿನ ಮೇಲೆ ಹೆಸರೊಂದೇ ಉಳಿಯುತ್ತದೆ. ಕೆಸರೆಗೆ ಹತ್ತಿರದ ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುತ್ತಲೇ ಸೈಯದ್ ಇಸಾಕ್ ಅವರು ಕಟ್ಟಿದ ಗ್ರಂಥಾಲಯ ನಿಮಗೆ ಗೊತ್ತಿರಬಹುದು.  ಅಂಥ ಕಡೆ ಓದುಗ ಬೆಲೆ ಕೊಡಬೇಕಾಗಿಲ್ಲ, ಹಿಡಿಸದಿದ್ದರೆ ಇಟ್ಟು ಇನ್ನೊಂದು ತೆಗೆದುಕೊಳ್ಳಬಹುದು. ಅಲ್ಲಿ ಮುಖಪುಟದ ಒತ್ತಾಯ ಕಡಿಮೆ. ಅಂಗಡಿಯಲ್ಲಿ ಇನ್ನೂರು ರೂಪಾಯಿ ಎಣಿಸಬೇಕಾದಾಗ ಅದೇ ಮುಖಪುಟದ ಮಾತಿಗೆ ತೂಕ ಬರುತ್ತದೆ.

ಇದರಿಂದ ನೀವು ತಿಳಿಯಬೇಕಾದದ್ದು ಹೀಗಿದೆ. ಲೇಖಕನನ್ನು ಬಲ್ಲವನ ಮುಂದೆ ಮುಖಪುಟ ಸುಮ್ಮನಿರುತ್ತದೆ. ಏನೂ ಗೊತ್ತಿಲ್ಲದವನ ಮುಂದೆ ಅದಕ್ಕೆ ಬಾಯಿ ಹೆಚ್ಚು. ನೀವು ಹೊಸಬರು, ಆದ್ದರಿಂದ ಅದು ಸದ್ಯಕ್ಕೆ ಮಾತನಾಡುತ್ತಿರುವುದು ನಿಮ್ಮೊಂದಿಗೇ. ಮೊದಲ ಪುಸ್ತಕ ಬರೆದ ಲೇಖಕರು ಮುಖಪುಟದ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದೂ ಇದೇ ಕಾರಣಕ್ಕೆ: ಅವರ ಓದುಗರೆಲ್ಲ ಅವರಿಗೆ ಹೊಸಬರೇ. ಮೊಬೈಲಿನಲ್ಲಿ ಪುಸ್ತಕ ಹುಡುಕುವಾಗ ಈ ಮಾತು ಇನ್ನೂ ನಿಜ. ಹೆಬ್ಬೆರಳಿನ ಉಗುರಿನಷ್ಟು ಚಿತ್ರದಲ್ಲಿ ಒತ್ತು ಕೊಂಬುಗಳೆಲ್ಲ ಕರಗಿಹೋಗುತ್ತವೆ, ದಪ್ಪ ಅಕ್ಷರದ್ದೇ ಗೆಲುವು.

ಈಗ ಒಂದು ಅಭ್ಯಾಸ. ಮುಂದಿನ ಸಲ ಅಂಗಡಿಗೆ ಹೋದಾಗ ನಿಮಗೆ ಪರಿಚಯವಿಲ್ಲದ ಲೇಖಕರ ಪುಸ್ತಕವನ್ನೇ ಎತ್ತಿಕೊಳ್ಳಿ. ಒಳಗೆ ತೆರೆಯುವ ಮೊದಲು ಇದು ಎಂಥ ಪುಸ್ತಕ, ಯಾರಿಗಾಗಿ ಇರಬಹುದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಆಮೇಲೆ ಬೆನ್ನುಡಿಯನ್ನು ಬಿಟ್ಟು, ನಡುವಿನ ಒಂದು ಪುಟ ಓದಿ. ಬೆನ್ನುಡಿ ಹೊಗಳಿಕೆಯ ಜಾಗ, ಅಲ್ಲಿ ಸಾಕ್ಷಿ ಸಿಗುವುದಿಲ್ಲ. ಮುಖಪುಟ ಕೊಟ್ಟ ಭರವಸೆಗೂ ಆ ಪುಟಕ್ಕೂ ತಾಳೆಯಾಯಿತೇ ನೋಡಿ.

ಕೊಂಡರೂ, ಬಿಟ್ಟರೂ, ಮೊದಲ ಹಾಳೆಯ ಹಿಂಬದಿಯಲ್ಲಿ ಪ್ರಕಾಶಕರು, ಬೆಲೆ, ಪ್ರತಿಗಳ ಸಂಖ್ಯೆ ಅಚ್ಚಾಗಿರುವ ಪುಟ ತೆರೆಯಿರಿ. ಅಲ್ಲಿ ‘ಮುಖಪುಟ’ ಎಂದು ಬರೆದು ಮುಂದೆ ಸಾಮಾನ್ಯವಾಗಿ ಕಲಾವಿದರ ಹೆಸರಿರುತ್ತದೆ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಅಪಾರ ಮುಂತಾದ ಹೆಸರುಗಳು ನಿಮಗೆ ಮತ್ತೆ ಮತ್ತೆ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೇ ಮೀಸಲಾದ ಬಹುಮಾನವೂ ಇದೆ. ಆದರೆ ಕೆಲವು ಪುಸ್ತಕಗಳಲ್ಲಿ ಕಲಾವಿದರ ಹೆಸರಿನ ಸಾಲೇ ಇರುವುದಿಲ್ಲ. ಆಗ ಅಂಗಡಿಯವರನ್ನೋ ಪ್ರಕಾಶಕರನ್ನೋ ಕೇಳಿ, ಸಂಕೋಚ ಬೇಡ. ಓದುಗರು ಕೇಳತೊಡಗಿದರೆ ಮುಂದಿನ ಮುದ್ರಣದಲ್ಲಿ ಆ ಹೆಸರು ಸೇರಿಕೊಳ್ಳಬಹುದು.