ನಗಿಸ್ರಿ, ಆದ್ರ ಗುರಿ ನೋಡ್ರಿ

ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ ಬಂದ ತಮ್ಮಂದಿರೇ, ತಂಗೆಂದಿರೇ, ಸಂಜೆ ಚಹಾದಂಗಡಿ ಮುಂದೆ ಮಂತ್ರಿಗಳ ಮೀಮ್ ನೋಡಿ ನೀವು ಬಿದ್ದು ಬಿದ್ದು ನಗುವುದನ್ನು ಕೇಳುತ್ತಿರುತ್ತೇನೆ. ನಗಿರಿ, ಬೇಡವೆನ್ನುವವನು ನಾನಲ್ಲ. ಮಾಡುವುದಾದರೆ ಕಸಬು ಕಲಿತು ಮಾಡಿ ಎನ್ನುತ್ತೇನೆ, ಅಷ್ಟೇ.

ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲ. 1907ರಲ್ಲಿ ಖಾಡಿಲಕರರ ‘ಕೀಚಕವಧ’ ಎಂಬ ಮರಾಠಿ ನಾಟಕ ರಂಗಕ್ಕೆ ಬಂತು. ಬಣ್ಣ ಹಚ್ಚಿದವನು ಕೀಚಕ, ಜನಕ್ಕೆ ಕಂಡವನು ಲಾರ್ಡ್ ಕರ್ಜನ್. 1910ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ನಿಷೇಧಿಸಿ, ಈ ಕೀಚಕ ನಮ್ಮವನೇ ಎಂದು ತಾನೇ ಒಪ್ಪಿಕೊಂಡಿತು! ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡ ಹಾಗೆ. ವಿಡಂಬನೆ ಹೀಗಿರಬೇಕು: ಹೆಸರು ಹೇಳುವ ಪಾಪ ಹಿಡಿಯಲು ಬಂದವನಿಗೇ ತಗಲಬೇಕು.

1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಒಂದು ಸಣ್ಣ ನಿಧನವಾರ್ತೆ ಅಚ್ಚಾಯಿತು. ತೀರಿಕೊಂಡವನು ಪ್ರಜಾಪ್ರಭುತ್ವ, ಹೆಂಡತಿ ಸತ್ಯ, ಮಗು ಸ್ವಾತಂತ್ರ್ಯ. ಇಂಗ್ಲಿಷ್ ಪದಗಳನ್ನು ಒಡೆದು ಕ್ರೈಸ್ತ ಮನೆತನದ ಹೆಸರುಗಳಂತೆ ಬರೆದಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ದೊಡ್ಡ ಅಗ್ರಲೇಖನಗಳೆಲ್ಲ ಮರೆತುಹೋದವು, ಆ ಪುಟ್ಟ ಜಾಹೀರಾತು ಉಳಿಯಿತು.

ಎಲ್ಲರೂ ಹೀಗೆ ಪಾರಾಗಲಿಲ್ಲ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಚಂಪಾ, ‘ಸಂಕ್ರಮಣ’ದ ಸಂಪಾದಕರು, ಜೈಲು ಕಂಡರು. ಹೊರಬಂದ ಮೇಲೂ ಅವರ ಕೊಂಕು ಮೊಂಡಾಗಲಿಲ್ಲ. 2015ರಲ್ಲಿ ಇದೇ ಊರಿನಲ್ಲಿ ಸಂಶೋಧಕ ಕಲಬುರ್ಗಿಯವರ ಕೊಲೆಯಾದಾಗ ಪಂಪ ಪ್ರಶಸ್ತಿಯನ್ನೇ ಮರಳಿಸಿದರು. ಇಂದಿರಾ ಗಾಂಧಿಯವರ ಕಾಲಕ್ಕೊಂದು, ಆಮೇಲಿನವರಿಗೊಂದು ಎಂದು ಅವರ ಬಳಿ ಎರಡು ತಕ್ಕಡಿ ಇರಲಿಲ್ಲ.

ನಿಮ್ಮ ಮೀಮುಗಳಲ್ಲಿ ನನಗೆ ಸರಿಕಾಣದ್ದು ಇದೇ. ಒಂದೇ ಪಕ್ಷದವರನ್ನು ಅಣಕಿಸಿ ಅದನ್ನು ಪ್ರತಿಭಟನೆ ಎನ್ನುತ್ತೀರಿ, ಅದು ಪ್ರಚಾರ. ಕುರ್ಚಿಯ ಮೇಲಿದ್ದವರ ಮಾತು, ಆದೇಶ, ಸುಳ್ಳು ಇವನ್ನು ಹಿಡಿಯಿರಿ. ಮೈಬಣ್ಣ, ಜಾತಿ, ಹೆಣ್ಣಿನ ದೇಹ ಹಿಡಿದು ನಗಿಸುವುದಕ್ಕೆ ಧೈರ್ಯವೂ ಬೇಡ, ಬುದ್ಧಿಯೂ ಬೇಡ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ್ದು ಪರೀಕ್ಷೆಗಾಗಿ ನಿಮಗೆಲ್ಲ ಬಾಯಿಪಾಠವಾಗಿದೆ. ಆದರೆ ನೀವು ಓದುತ್ತಿರುವುದು ಸರಕಾರಿ ನೌಕರಿಗೆ. ಪೊಲೀಸ್ ಇಲಾಖೆಯಲ್ಲಿದ್ದುಕೊಂಡೇ ಹಾಸ್ಯಲೇಖಕ ಬೀಚಿ ತಿಂಮನೆಂಬ ಪಾತ್ರವನ್ನು ಹುಟ್ಟಿಸಿದರು, ನಿಜ. ಆ ಜಾಣತನ ಎಲ್ಲರಿಗೂ ಬರುವಂಥದ್ದಲ್ಲ. ನೇಮಕಾತಿ ಆದೇಶ ಕೈಗೆ ಬರುವ ಮೊದಲು, ಸರಕಾರದ ಟೀಕೆಯ ಬಗ್ಗೆ ರಾಜ್ಯ ನೌಕರರ 2021ರ ನಡತೆ ನಿಯಮಗಳು ಏನು ಹೇಳುತ್ತವೆ ಎಂಬುದನ್ನೂ ಒಮ್ಮೆ ಓದಿಕೊಳ್ಳಿ.