ಹಸು ಈಯುವ ಮುನ್ನ

ಹಾಲು ಕರೆಯುವಷ್ಟು ದಿನವೂ ಹಸುವಿಗೆ ಹಿಂಡಿ, ಬೂಸಾ, ಹಸಿರು ಹುಲ್ಲು ತಪ್ಪದೆ ದೊರೆಯುತ್ತವೆ. ಹಾಲು ಬತ್ತಿತೆಂದರೆ ಅದರ ಗೋದಲಿಯೂ ಬತ್ತುತ್ತದೆ. ಎರಡು ತಿಂಗಳಲ್ಲಿ ಕರು ಹಾಕಲಿರುವ ತುಂಬುಗಬ್ಬದ ಹಸುವಿನ ಪಾಲಿಗೆ ಒಣ ರಾಗಿಹುಲ್ಲು ಮಾತ್ರ ಉಳಿಯುತ್ತದೆ. ಕರೆಯದ ಹಸುವಿಗೆ ಖರ್ಚೇಕೆ ಎಂಬುದು ಮನೆಯ ಯಜಮಾನನ ಲೆಕ್ಕ. ಲೆಕ್ಕವೇನೋ ಸರಳವಾಗಿದೆ, ಆದರೆ ತಪ್ಪಾಗಿದೆ.

ಹಸುವಿನ ಗರ್ಭಾವಧಿ ಸುಮಾರು 280 ದಿನಗಳು. ಕಡೆಯ ಎರಡು ತಿಂಗಳುಗಳಲ್ಲಿ ಕರು ಬಹು ವೇಗವಾಗಿ ಬೆಳೆಯುತ್ತದೆ. ಈಯುವುದಕ್ಕೆ ಮೂರು ವಾರ ಮೊದಲು, ಈದ ಮೇಲೆ ಮೂರು ವಾರ, ಹೀಗೆ ಈ ಆರು ವಾರಗಳು ಹಸುವಿನ ಬಾಳಿನ ಸಂಧಿಕಾಲ. ಹೈನುರಾಸುಗಳ ಅನೇಕ ರೋಗಗಳು ತಲೆದೋರುವುದು ಆಗಲೇ. ದೇಹದ ಅಗತ್ಯ ಏರುತ್ತಿರುವಾಗಲೇ, ವಿಚಿತ್ರವೆಂಬಂತೆ, ಹಸು ಮೇವು ತಿನ್ನುವುದು ಕಡಮೆಯಾಗುತ್ತದೆ. ಈದೊಡನೆ ಕೆಚ್ಚಲು ತುಂಬಬೇಕು. ಕೊರತೆಯನ್ನು ನೀಗಲು ಅದು ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ.

ಆಹಾರವು ಆಮ್ಲಜನಕದೊಡನೆ ಕೂಡಿ ಶಕ್ತಿಯಾಗುತ್ತದೆ. ಒಲೆಯಲ್ಲಿ ಸೌದೆ ಉರಿಯುವಾಗ ಕಿಡಿ ಸಿಡಿಯುವಂತೆ, ಈ ಕ್ರಿಯೆಯಲ್ಲಿ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಜೀವಕೋಶದ ಪೊರೆಯನ್ನು ಕೆಡಿಸುತ್ತವೆ. ಕಿಡಿ ನಂದಿಸುವ ಏರ್ಪಾಡೂ ದೇಹದಲ್ಲುಂಟು. ಇ ಜೀವಸತ್ವ ಪೊರೆಯಲ್ಲಿಯೇ ನೆಲೆಸಿ ಅದನ್ನು ಕಾಯುತ್ತದೆ. ಸೆಲೆನಿಯಂ ಎಂಬ ಮೂಲವಸ್ತುವುಳ್ಳ ಕಿಣ್ವವೊಂದು ಪೆರಾಕ್ಸೈಡುಗಳನ್ನು ಅಳಿಸುತ್ತದೆ. ಕಿಡಿಗಳು ಹೆಚ್ಚಿ ಕಾವಲು ಸೋತ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಈಯುವ ದಿನಗಳಲ್ಲಿ ಹಸುವಿನ ರಕ್ತದಲ್ಲಿ ಇ ಜೀವಸತ್ವ ತೀರ ತಗ್ಗುತ್ತದೆ. ಮೇವು ಕಡಮೆಯಾದುದು ಒಂದು ಕಾರಣ. ಇದ್ದುದರಲ್ಲಿಯೇ ಒಂದು ಪಾಲನ್ನು ತಾಯಿ ಗಿಣ್ಣುಹಾಲಿಗೆ ಕೊಟ್ಟುಬಿಡುವುದು ಮತ್ತೊಂದು. ಆಗತಾನೆ ಹುಟ್ಟಿದ ಕರುವಿನ ಮೈಯಲ್ಲಿ ಅದರ ಸಂಗ್ರಹ ಅತ್ಯಲ್ಪ.

ಇದರ ಪೆಟ್ಟು ಬಿಳಿಯ ರಕ್ತಕಣಗಳಿಗೆ ತಗಲುತ್ತದೆ. ರೋಗಾಣುಗಳನ್ನು ಕೊಲ್ಲಲು ಅವು ಹಿಡಿಯುವ ಆಯುಧವೂ ಆ ಕಿಡಿಗಳೇ. ಕಾವಲಿಲ್ಲದಾಗ ತಮ್ಮ ಆಯುಧದಿಂದ ತಾವೇ ಗಾಯಗೊಳ್ಳುತ್ತವೆ. ಮಾಸು ಗರ್ಭಕೋಶದಿಂದ ಬಿಡಿಸಿಕೊಳ್ಳುವುದಕ್ಕೂ ಈ ಕಣಗಳ ನೆರವು ಬೇಕು. ಸಾಮಾನ್ಯವಾಗಿ 12 ಗಂಟೆಗಳೊಳಗೆ ಬೀಳುವ ಮಾಸು ಆಗ ಒಂದು ಹಗಲು, ಒಂದು ಇರುಳು ಕಳೆದರೂ ಬೀಳದೆ ಒಳಗೇ ಕೊಳೆಯತೊಡಗುತ್ತದೆ. ಕೆಚ್ಚಲು ಬಾವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಒಹಾಯೊ ರಾಜ್ಯದ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬತ್ತಿದ ಹಸುಗಳಿಗೆ ಮೇವಿನೊಡನೆ ಇ ಜೀವಸತ್ವವನ್ನು ಕೊಟ್ಟಾಗ ಕೆಚ್ಚಲು ಬಾವು ಶೇಕಡ 37ರಷ್ಟು ಕಡಮೆಯಾಯಿತು. ಕರೆಯದ ಹಸುವಿಗೆ ಹಾಕಿದ ಮೇವು ವ್ಯರ್ಥವೆನ್ನುವವರು ಈ ಅಂಕಿಯನ್ನು ಗಮನಿಸಬೇಕು.

ಹಸಿ ಹುಲ್ಲಿನಲ್ಲಿ ಇ ಜೀವಸತ್ವ ಸಮೃದ್ಧವಾಗಿರುತ್ತದೆ. ಅದೇ ಹುಲ್ಲು ಬಿಸಿಲಿನಲ್ಲಿ ಒಣಗಿ ಬಣವೆ ಸೇರುವ ವೇಳೆಗೆ ಅದರ ಬಹುಭಾಗ ನಾಶವಾಗುತ್ತದೆ. ಬೇಸಗೆಯಲ್ಲಿ ಈಯುವ ಹಸುವಿಗಂತೂ ಹಸಿರೂ ಇಲ್ಲ, ಸೆಕೆಯ ಬಾಧೆಯೂ ತಪ್ಪದು. ಸೆಲೆನಿಯಂ ಬೇಕಾಗುವುದು ಅತ್ಯಲ್ಪ. ಹತ್ತು ಕಿಲೋಗ್ರಾಂ ಒಣ ಮೇವಿಗೆ ಮೂರು ಮಿಲಿಗ್ರಾಂ ಸಾಕು. ಮಿತಿ ಮೀರಿದರೆ ಅದೇ ವಿಷ. ಪಂಜಾಬಿನ ಹೋಶಿಯಾರ್‌ಪುರದ ಕಡೆಯ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ಹೆಚ್ಚಾಗಿದ್ದು, ಅಲ್ಲಿಯ ಮೇವು ತಿಂದ ರಾಸುಗಳ ಗೊರಸು ಬಿರಿದು, ಕೂದಲು ಉದುರಿದುದುಂಟು. ಆದುದರಿಂದ ಖನಿಜ ಮಿಶ್ರಣದ ಅಳತೆಯನ್ನು ಪಶುವೈದ್ಯರೇ ಹೇಳಬೇಕು. ಬದುವಿನ ಹಸಿ ಹುಲ್ಲಿಗೆ ಅಂತಹ ಅಳತೆ ಬೇಡ. ಕರೆಯುವ ಹಸುವಿಗೆಂದು ತಂದ ಹೊರೆಯಲ್ಲಿ ಒಂದು ಪಾಲನ್ನು ಪಕ್ಕದ ಗೂಟದ ಹಸುವಿಗೂ ಹಾಕಿದರಾಯಿತು.